ಚಪ್ಪಲಿ ಹಾಕಿಕೊಂಡೇ ಫೋನ್ ಮಾಡುವವರು

ಇದನ್ನು ಬರೆಯಲು ಹೊರಟಾಗ ಹೆಸರು ಹಾಕಬಹುದೇ ಎಂದು ಅವರನ್ನೇ ಕೇಳಿದೆ.

"ಹಾಕ್ಬೇಡ ಮಾರಾಯ," ಅಂದರು. "ಕಂಪೆನಿಯವರು ಯಾರಾದ್ರೂ ಓದಿದ್ರೆ ಮತ್ತೆ ನನಗೆ ಒಂದು ಪೈಸೆ ಕಡಿಮೆ ಮಾಡುದಿಲ್ಲ."

ಆದ್ದರಿಂದ ಇಲ್ಲಿ ಅವರು ಬರೀ ಕಾಕ. ಪುತ್ತೂರಿನ ನಮ್ಮ ಬಟ್ಟೆ ಅಂಗಡಿಯಲ್ಲಿಯೂ ಎಲ್ಲರಿಗೂ ಅವರು ಕಾಕನೇ. ಧಣಿಗಳು ಕೂಡ ಹಾಗೆಯೇ ಕರೆಯುತ್ತಿದ್ದರು. ಬೆಳಿಗ್ಗೆ ಸವಣೂರಿನಿಂದ ಬಸ್ಸಿನಲ್ಲಿ ಬರುವುದು, ಸಂಜೆ ಬಸ್ಸಿನಲ್ಲಿ ಹೋಗುವುದು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಎರಡು ಕನ್ನಡಕ. ಒಂದು ಓದಲಿಕ್ಕೆ. ಇನ್ನೊಂದು, ತಾನು ಏನೋ ಓದುತ್ತಿದ್ದೇನೆ ಎಂದು ಗಿರಾಕಿಗಳಿಗೆ ಕಾಣಿಸಲಿಕ್ಕೆ.

ನಾನು ಅದೇ ಅಂಗಡಿಯ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡವನು. ಸೀರೆಗೆ ಫಾಲ್ ಹೊಲಿಯುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು ನನ್ನ ಕೆಲಸ. ಊರು ಮರ್ಕಂಜ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಕಲಿತೆ. ಇದನ್ನು ಫೋನಿನಲ್ಲಿ ಒಂದು ಬೆರಳಿನಿಂದ ಬರೆಯುತ್ತಿದ್ದೇನೆ. ಒತ್ತಕ್ಷರ ಹುಡುಕುವುದರಲ್ಲಿಯೇ ಹೊತ್ತು ಹೋಗುತ್ತದೆ, ತಪ್ಪಿದ್ದರೆ ಕ್ಷಮಿಸಬೇಕು.

ಕಾಕನ ಉದ್ಯೋಗ ಏನೆಂದು ಮೊದಲು ಹೇಳಬೇಕು. ಅವರು ಸೀರೆ ಬಿಡಿಸಿ ತೋರಿಸುವವರಲ್ಲ, ದುಡ್ಡು ತೆಗೆದುಕೊಳ್ಳುವವರೂ ಅಲ್ಲ. ಎದ್ದು ಹೋಗುವ ಗಿರಾಕಿಯನ್ನು ವಾಪಸ್ ಕರೆಯುವುದು ಅವರ ಕೆಲಸ. ನಮ್ಮದು ಮೊದಲು ಬಿಳಿ ಹಾಸಿಗೆ ಹಾಸಿದ ಅಂಗಡಿ. ಗಿರಾಕಿಗಳು ಚಪ್ಪಲಿಯನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಹೋಗಿ ಕೂರಬೇಕು. ರೇಟು ಕೂಡಿಬರದಿದ್ದರೆ "ಬೇಡ, ಬೇಡ" ಎಂದು ಎದ್ದು ಬರುತ್ತಾರೆ, ಚಪ್ಪಲಿ ಹುಡುಕುತ್ತಾರೆ. ಆ ಚಪ್ಪಲಿಗಳ ಪಕ್ಕದಲ್ಲಿ ಒಂದು ಸ್ಟೂಲು. ಸ್ಟೂಲಿನ ಮೇಲೆ ಕಾಕ.

ಮೂವತ್ತು ವರ್ಷ ಅವರು ಹಾಗೆ ಕೂತಿದ್ದರು. ಒಳಗೆ ಗಿರಾಕಿಯ ಸ್ವರ ಏರಿದ ಕೂಡಲೇ ಆ ಗಿರಾಕಿಯ ಒಂದು ಚಪ್ಪಲಿಯನ್ನು ಕಾಲಿನಿಂದ ಮೆಲ್ಲನೆ ಸ್ಟೂಲಿನ ಅಡಿಗೆ ತಳ್ಳಿಬಿಡುತ್ತಿದ್ದರು. ಇದು ಯಾಕೆಂದು ನಾನು ಒಮ್ಮೆ ಕೇಳಿದೆ.

"ಒಂದು ಚಪ್ಪಲಿ ಸಿಕ್ಕಿ ಇನ್ನೊಂದು ಸಿಕ್ಕದಿದ್ರೆ ಸಿಟ್ಟು ಚಪ್ಪಲಿ ಮೇಲೆ ಹೋಗ್ತದೆ. ಅಂಗಡಿ ಮೇಲಿನ ಸಿಟ್ಟು ಅಷ್ಟು ಕಡಿಮೆ ಆಯ್ತಲ್ಲ?"

ಆಮೇಲೆ ಚಪ್ಪಲಿಯನ್ನು ಅವರೇ ಹುಡುಕಿ ಕೊಡುತ್ತಿದ್ದರು. ಗಿರಾಕಿ ಮೆಟ್ಟಿಲು ಇಳಿಯಲು ಬಿಡುತ್ತಿದ್ದರು. ನಮ್ಮ ಅಂಗಡಿಗೆ ಮೂರು ಮೆಟ್ಟಿಲು. ಮೂರನೆಯದರಲ್ಲಿ ಕಾಲಿಟ್ಟಾಗ ಹಿಂದಿನಿಂದ ಮೆತ್ತಗೆ ಕರೆಯುತ್ತಿದ್ದರು: "ಅಕ್ಕ, ಒಂದು ಮಾತು."

ಕಡಬದ ಒಬ್ಬರು ಹೆಂಗಸು ಸೀರೆ ಬಿಟ್ಟು ಹೊರಟದ್ದು ನನಗೆ ಇನ್ನೂ ನೆನಪುಂಟು.

"ಎಂತ ಮಾತು? ರೇಟಿನ ಮಾತೆಲ್ಲ ಆಯ್ತಲ್ಲ?"

"ರೇಟಿನ ಮಾತಲ್ಲ ಅಕ್ಕ. ನೀವು ಬಿಟ್ಟು ಬಂದ ಹಸಿರು ಸೀರೆ ಉಂಟಲ್ಲ, ಅದನ್ನು ಒಳಗೆ ಮಡಚುದು ನೋಡಿ ನನಗೇ ಬೇಜಾರಾಯ್ತು."

"ಬೇಜಾರಾದ್ರೆ ನೀವೇ ಉಟ್ಟುಕೊಳ್ಳಿ."

"ಉಟ್ಟುಕೊಳ್ತಿದ್ದೆ ಅಕ್ಕ, ನನಗೆ ಹಸಿರು ಒಪ್ಪುದಿಲ್ಲ. ಬನ್ನಿ, ಫಾಲ್ ಹೊಲಿಸಿ ಕೊಡ್ತೇವೆ. ಫ್ರೀ."

ಅವರು ನಕ್ಕರು. ನಕ್ಕ ಗಿರಾಕಿ ಹೋದದ್ದಿಲ್ಲ. ಫ್ರೀ ಎಂದು ಹೇಳುವಾಗ ಕಾಕ ನನ್ನ ಕಡೆಗೆ ಮಾತ್ರ ನೋಡುತ್ತಿರಲಿಲ್ಲ, ಏಕೆಂದರೆ ಆ ಫಾಲ್ ಹೊಲಿಯುವವನು ನಾನು. ಧಣಿಗಳು ನನಗೆ ಅದರ ದುಡ್ಡು ಕೊಡುತ್ತಿದ್ದರು, ಅದು ಬೇರೆ ವಿಷಯ.

ಯಾರು ವಾಪಸ್ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಅವರಿಗೆ ಬೆನ್ನು ನೋಡಿದರೆ ತಿಳಿಯುತ್ತಿತ್ತು. "ಹೊಗಳಿ ಹೊರಡುವವ ಬರುದಿಲ್ಲ. ಬೈದು ಹೊರಡುವವ ಬರ್ತಾನೆ. ಇಳಿಯುವಾಗ ಆಕಾಶ ನೋಡಿದವ ಇದ್ದಾನಲ್ಲ, ಅವ ಮಳೆಗಾಲ ಆಗ್ಲಿ ಬೇಸಗೆ ಆಗ್ಲಿ, ಕರೆಯುದನ್ನೇ ಕಾಯ್ತಾ ಇದ್ದಾನೆ." ಮೊದಲನೇ ಮೆಟ್ಟಿಲಿನಲ್ಲಿ ಕರೆದರೆ ನಮಗೆ ಗರಜು ಎಂದು ಕಾಣುತ್ತದೆ. ಮಾರ್ಗಕ್ಕೆ ಇಳಿದ ಮೇಲೆ ಕರೆದರೆ ನಾಲ್ಕು ಜನ ನೋಡುತ್ತಾರೆ, ಗಿರಾಕಿಗೆ ಮರ್ಯಾದೆಯ ಪ್ರಶ್ನೆ. ಆದ್ದರಿಂದ ಮೂರನೇ ಮೆಟ್ಟಿಲು.

ಗಿರಾಕಿಗಳಿಗೂ ಕಾಕ ಎರಡು ಕಾನೂನು ಮಾಡಿಟ್ಟಿದ್ದರು. ಮಾರ್ಗಕ್ಕೆ ಇಳಿದವನು ತಾನಾಗಿ ಮತ್ತೆ ಅಂಗಡಿ ಹತ್ತಬಾರದು. ಆದರೆ ಯಾರಾದರೂ ಕರೆದರೆ ತಿರುಗಲೇಬೇಕು. "ಕರೆದವರ ಸ್ವರಕ್ಕೆ ಒಂದು ಬೆಲೆ ಉಂಟಲ್ಲ ಮಾರಾಯ. ತಿರುಗದೆ ಹೋಗುವವ ಎಂಥ ಮನುಷ್ಯ?"

ಹೀಗಿರುವಾಗ ಅಂಗಡಿಗೆ ಗಾಜಿನ ಬಾಗಿಲು ಬಂತು. ಹಾಸಿಗೆ ಹೋಯಿತು, ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಬಹುದು ಎಂದಾಯಿತು. ಗೋಡೆಯಲ್ಲಿ ಧಣಿಗಳು ಬೋರ್ಡು ಹಾಕಿಸಿದರು: ಒಂದೇ ದರ. ಚೌಕಾಶಿಯೇ ಇಲ್ಲದ ಮೇಲೆ ಸಿಟ್ಟು ಮಾಡಿ ಎದ್ದು ಹೋಗುವವರೂ ಇಲ್ಲ, ಕರೆಯುವವರೂ ಬೇಡ. ಧಣಿಗಳು ಒಳ್ಳೆಯವರು, ಸ್ಟೂಲನ್ನು ತೆಗೆಯಲಿಲ್ಲ. ಕಾಕ ಬೆಳಿಗ್ಗೆ ಬಂದು ಕೂರುತ್ತಿದ್ದರು. ಜನ ಬರುತ್ತಿದ್ದರು, ದರದ ಸ್ಟಿಕ್ಕರ್ ನೋಡುತ್ತಿದ್ದರು, ಏನೂ ಮಾತಾಡದೆ ಹೋಗುತ್ತಿದ್ದರು.

"ಬೈಯುದೂ ಇಲ್ಲ ಮಾರಾಯ," ಎಂದು ಕಾಕ ಬೇಸರಪಟ್ಟುಕೊಂಡರು.

ಆ ದಿನಗಳಲ್ಲಿಯೇ ಅವರ ಮನೆಯ ಟಿವಿ ವಿಷಯ ಬಂದದ್ದು. ಗಲ್ಫಿನಲ್ಲಿರುವ ಅಳಿಯ ರಜೆಯಲ್ಲಿ ಬಂದಾಗ ಟಿವಿಗೆ ಯಾವುದೋ ಸಿನಿಮಾದ ಚಂದಾ ಹಾಕಿಸಿ ಹೋಗಿದ್ದ. ಅವನು ಹೋದ ಮೇಲೆ ನೋಡುವವರಿಲ್ಲ. ಅದನ್ನು ನಿಲ್ಲಿಸಲು ಕಾಕ ನಮ್ಮ ಜಗಲಿಯಿಂದ ಕಂಪೆನಿಗೆ ಫೋನ್ ಮಾಡಿದರು. ಬೇಡ, ನಿಲ್ಲಿಸಿ ಎಂದರು. ಆ ಕಡೆಯ ಹುಡುಗ, "ಸರ್, ಒಂದು ನಿಮಿಷ ಲೈನಲ್ಲಿರಿ, ನಿಮಗೋಸ್ಕರ ಒಂದು ಸ್ಪೆಷಲ್ ಆಫರ್ ಇದೆ," ಎಂದ.

ಕಾಕ ಫೋನನ್ನು ಕಿವಿಯಿಂದ ತೆಗೆದು ಕೈಯಲ್ಲಿ ಮುಚ್ಚಿಕೊಂಡರು. ಅವರ ಮುಖ ನೋಡಬೇಕಿತ್ತು. ಎಷ್ಟೋ ವರ್ಷದ ಹಿಂದೆ ಕಾಣೆಯಾದ ತಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಹಾಗೆ.

"ಟೈಲರೇ, ನಮ್ಮವರು ಅಲ್ಲಿದ್ದಾರೆ! ಅಲ್ಲಿಯೂ ಸ್ಟೂಲು ಉಂಟು!"

ಅರ್ಧ ದರಕ್ಕೆ ಆರು ತಿಂಗಳು ಮುಂದುವರಿಸಿದರು. ನೋಡುವವರು ಯಾರೆಂದು ನಾನು ಕೇಳಲಿಲ್ಲ.

ಅಲ್ಲಿಂದ ಶುರು. ಫೋನಿನ ಇಂಟರ್‌ನೆಟ್, ಅಂಗಡಿಯಲ್ಲಿ ಹಾಕುವ ಹಾಡು, ಧಣಿಗಳ ಮಗಳ ಯೋಗದ ಆ್ಯಪ್, ಎಲ್ಲವನ್ನೂ ಬಿಡುತ್ತೇನೆಂದು ಹೇಳಿ ಹೇಳಿ ದರ ಇಳಿಸಿದರು. ಅವರ ಕ್ರಮ ಹೀಗೆ. ಫೋನ್ ಹಚ್ಚುವ ಮೊದಲು ಚಪ್ಪಲಿ ಹಾಕಿಕೊಳ್ಳಬೇಕು. ನಂಬರ್ ಒತ್ತುತ್ತಾ ಮೊದಲನೇ ಮೆಟ್ಟಿಲು. ಆ ಕಡೆಯವರು ಕಾರಣ ಕೇಳುವಾಗ ಎರಡನೆಯದು. "ಇಲ್ಲಮ್ಮ, ಸಾಕು, ತೆಗೀರಿ" ಎನ್ನುವಾಗ ಮೂರನೆಯದು. ಅಲ್ಲಿ ನಿಂತು ಆಕಾಶ ನೋಡುತ್ತಿದ್ದರು.

"ಅವರಿಗೆ ನಿಮ್ಮ ಚಪ್ಪಲಿ ಕಾಣ್ತದಾ ಕಾಕ?" ಎಂದು ನಾನು ಕೇಳಿದೆ.

"ಕಾಣುದಿಲ್ಲ. ಆದ್ರೆ ಚಪ್ಪಲಿ ಹಾಕದೆ ಹೋಗ್ತೇನೆ ಅಂದ್ರೆ ಸ್ವರದಲ್ಲಿ ಗೊತ್ತಾಗ್ತದೆ. ನಾನು ಎಷ್ಟು ಜನರನ್ನು ನೋಡಿದ್ದೇನೆ!"

ಸುದ್ದಿ ಹಬ್ಬಿತು. ಸುಳ್ಯದಿಂದ, ಕಡಬದಿಂದ ಜನ ಫೋನ್ ಹಿಡಿದುಕೊಂಡು ಬರತೊಡಗಿದರು. ಕಲ್ಲುಗುಂಡಿಯಿಂದ ನನ್ನ ಹೆಂಡತಿಯ ಅಣ್ಣ ಕೂಡ ಬಂದ. ಕಾಕ ಯಾರಿಂದಲೂ ದುಡ್ಡು ತೆಗೆದುಕೊಳ್ಳಲಿಲ್ಲ, ಒಂದು ಚಾ, ನಾಲ್ಕು ಗೋಳಿಬಜೆ, ಅಷ್ಟೆ.

ಒಂದು ದೋಷ ಮಾತ್ರ ಇತ್ತು. ನಿಜವಾಗಿಯೂ ಬಿಡಬೇಕು ಎಂದು ಬಂದವರಿಗೆ ಅವರಿಂದ ಉಪಕಾರವಾಗುತ್ತಿರಲಿಲ್ಲ. ನನ್ನ ಭಾವನಿಗೆ ಹೊಟ್ಟೆ ಇಳಿಸುವ ಆ್ಯಪ್ ಒಂದು ಇತ್ತು. ಅದನ್ನು ತೆಗೆಸಿ ಕೊಡಿ ಎಂದು ಅವನು ಬಂದದ್ದು. ಕಾಕ ಮೂರನೇ ಮೆಟ್ಟಿಲಿನವರೆಗೆ ಹೋಗಿ, ಮಾತಾಡಿ, ನಗುತ್ತಾ ವಾಪಸ್ ಬಂದರು.

"ಆಯ್ತು. ಅರ್ಧಕ್ಕೆ ಒಂದು ವರ್ಷ."

"ನನಗೆ ಅದು ಬೇಡ ಅಂತ ಅಲ್ವಾ ಹೇಳಿದ್ದು ಕಾಕ!"

"ಅಲ್ಲ ಮಾರಾಯ್ರೆ, ಆ ಹೆಣ್ಣುಮಗಳು ಅಷ್ಟು ಚಂದ ಕರೆದ್ಲು. ತಿರುಗದೆ ಇರುದು ಹೇಗೆ? ಈ ತಿಂಗಳು ಎಷ್ಟು ಜನರನ್ನು ನಿಲ್ಲಿಸಿದಿ ಅಂತ ಕೇಳಿದೆ. ಕಂಪೆನಿ ಹೇಳಿದ ಲೆಕ್ಕಕ್ಕೆ ಆರು ಕಡಿಮೆ ಉಂಟಂತೆ. ನೀವು ಸೇರಿದ್ರೆ ಐದು."

ಭಾವ ನಾಲ್ಕು ಗೋಳಿಬಜೆಯನ್ನೂ ತಾನೇ ತಿಂದು ಹೋದ.

ಇನ್ನು ನನ್ನ ವಿಷಯ. ಯಾವ ಅರ್ಜಿ ಬರೆದರೂ ವಿದ್ಯಾಭ್ಯಾಸ ಎಂಬಲ್ಲಿ ನಾನು ಒಂದು ಸಣ್ಣ ಗೆರೆ ಎಳೆಯುತ್ತಿದ್ದೆ. ದಿನವಿಡೀ ಬಟ್ಟೆಯ ಮೇಲೆ ಗೆರೆ ಎಳೆಯುವವನಿಗೆ ಅದೊಂದು ಗೆರೆ ಎಳೆಯುವಾಗ ಮಾತ್ರ ಕೈ ಭಾರವಾಗುತ್ತಿತ್ತು. ಅಲ್ಲಿ ಒಂದು ಅಕ್ಷರ ಬರೆಯಬೇಕೆಂಬ ಆಸೆಯಿಂದ ನಲವತ್ತಮೂರನೇ ಪ್ರಾಯದಲ್ಲಿ ಖಾಸಗಿಯಾಗಿ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿದೆ. ಎಲ್ಲ ಪಾಸಾಯಿತು. ಗಣಿತ ಒಂದು ಹೋಯಿತು. ಮೂವತ್ತೈದು ಬೇಕಾದಲ್ಲಿ ಇಪ್ಪತ್ತೆರಡು.

ಮರು ವರ್ಷಕ್ಕೆ ಹೆಂಡತಿಯೇ ಒಂದು ಪಾಠದ ಆ್ಯಪ್ ಹಾಕಿಸಿಕೊಟ್ಟಳು. ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಅದರಲ್ಲಿ ಒಬ್ಬರು ಮೇಷ್ಟ್ರು ಬೋರ್ಡಿನಲ್ಲಿ ಬರೆದು ಹೇಳುತ್ತಾರೆ. ಅರ್ಥವಾಗದಿದ್ದರೆ ವಿಡಿಯೋವನ್ನು ಹಿಂದೆ ತಂದು ಮತ್ತೆ ಹೇಳಿಸಬಹುದು. ನನ್ನ ತಲೆಗೆ ಹೋಗುವವರೆಗೆ ಒಂದೇ ಮಾತನ್ನು ಮುಖ ಗಂಟು ಹಾಕದೆ ಹೇಳಿದ ಮೇಷ್ಟ್ರು ನನಗೆ ಸಿಕ್ಕಿದ್ದು ಅದೇ ಮೊದಲು. ಒಂದೊಂದು ಪಾಠವನ್ನು ಹದಿನೈದು ಸಲ ನೋಡಿದ್ದುಂಟು. ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ಅದರಲ್ಲಿಯೇ ಗುರುತು ಹಾಕಿಡುತ್ತಿದ್ದೆ.

ಎರಡು ತಿಂಗಳಾದ ಮೇಲೆ ಕಾಕ ಕೇಳಿದರು, "ಪೂರ್ತಿ ರೇಟು ಕೊಡ್ತಿದ್ದೀಯಾ?"

"ಹೌದು."

"ನನ್ನ ಪಕ್ಕದಲ್ಲಿ ಕೂತುಕೊಂಡು?"

ಅವರಿಗೆ ಅದು ಅವಮಾನವಾಯಿತು. ಕೂಡಲೇ ಚಪ್ಪಲಿ ಹಾಕಿದರು. ಮೂರನೇ ಮೆಟ್ಟಿಲಿನಲ್ಲಿ ನೂರಕ್ಕೆ ನಲವತ್ತು ಇಳಿಯಿತು. ಮತ್ತೆ ಮೂರು ತಿಂಗಳು ಕಳೆದು ಇನ್ನೊಮ್ಮೆ ಹೊರಟರು, ಇನ್ನೂ ಸ್ವಲ್ಪ ಇಳಿಯಿತು. ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆಗೆ ಒಂದು ತಿಂಗಳು ಉಳಿದಿತ್ತು. ಆಗ ಕಾಕ ಮೂರನೇ ಸಲ ಹೊರಟರು. ಮನೆಯಲ್ಲಿ ಹೇಳಿದಾಗ ಹೆಂಡತಿ, "ಸರಿ ಇದ್ದದ್ದನ್ನು ಎಂತಕ್ಕೆ ಕೆದಕುದು? ಒಂದು ತಿಂಗಳಲ್ವಾ, ಕಟ್ಟಿ ಬಿಡಿ," ಎಂದಿದ್ದಳು. ಅದನ್ನೇ ನಾನು ಕಾಕನಿಗೆ ಹೇಳಿದೆ.

"ಒಂದೇ ತಿಂಗಳು ಉಳಿದದ್ದು ಅಂತ ಅವರಿಗೂ ಗೊತ್ತುಂಟು," ಅಂದರು ಕಾಕ. "ಹೊರಡುವ ಗಿರಾಕಿಯನ್ನು ಕೊನೆ ಗಳಿಗೆಯಲ್ಲಿ ಬಿಡುವ ಅಂಗಡಿ ನಾನು ನೋಡ್ಲಿಲ್ಲ. ಕೊಡು ಫೋನು."

ಈ ಸಲ ಆ ಕಡೆ ಮನುಷ್ಯರ ಸ್ವರ ಬರಲಿಲ್ಲ. ಮೆಷಿನಿನ ಸ್ವರ, ಒಳ್ಳೆಯ ಕನ್ನಡ. ಚಂದಾ ರದ್ದು ಮಾಡಲು ಮೂರನ್ನು ಒತ್ತಿ ಎಂದಿತು. ಕಾಕ ಒತ್ತಿದರು. ಖಚಿತಪಡಿಸಲು ಒಂದನ್ನು ಒತ್ತಿ ಎಂದಿತು. "ಈಗ ಬರ್ತಾರೆ ನೋಡು," ಎಂದು ಮೂರನೇ ಮೆಟ್ಟಿಲಿಗೆ ಇಳಿದು ಒಂದನ್ನು ಒತ್ತಿದರು.

"ಧನ್ಯವಾದಗಳು. ನಿಮ್ಮ ಚಂದಾ ರದ್ದಾಗಿದೆ. ಶುಭ ದಿನ."

ಲೈನು ಕಟ್ಟಾಯಿತು. ಕಾಕ ಆಕಾಶ ನೋಡುತ್ತಾ ನಿಂತೇ ಇದ್ದರು.

"ಕಾರಣ ಕೇಳ್ಲಿಲ್ಲ," ಎಂದರು. "ಎಂತಕ್ಕೆ ಹೋಗ್ತೀರಿ ಅಂತಾದ್ರೂ ಕೇಳ್ಬೇಕಲ್ಲ?"

ನಾನು ಆ್ಯಪ್ ತೆರೆದೆ. ಪ್ರತಿಯೊಂದು ಪಾಠದ ಮೇಲೂ ಒಂದು ಸಣ್ಣ ಬೀಗದ ಚಿತ್ರ. ಮೇಷ್ಟ್ರ ಮುಖ ಕಾಣುತ್ತದೆ, ಸ್ವರ ಬರುವುದಿಲ್ಲ. ನಾನು ಹಾಕಿಟ್ಟ ಗುರುತುಗಳೆಲ್ಲ ಹೋಗಿದ್ದವು. ಮತ್ತೆ ಸೇರಬೇಕಾದರೆ ಇಡೀ ವರ್ಷದ್ದು ಒಟ್ಟಿಗೇ ಕಟ್ಟಬೇಕೆಂದು ಬರೆದಿತ್ತು. ಅಷ್ಟು ನನ್ನಲ್ಲಿರಲಿಲ್ಲ. ಮೆಷಿನಿನಲ್ಲಿದ್ದ ಸೀರೆಯ ಫಾಲನ್ನು ಉಲ್ಟಾ ಹೊಲಿದಿಟ್ಟೆ.

"ಕರೀತಾರೆ," ಅಂದರು ಕಾಕ. "ನಾಳೆಗೆ ಕರೀತಾರೆ. ನೀನು ನೋಡು."

ಮರುದಿನ ನನ್ನ ಫೋನನ್ನು ಸ್ಟೂಲಿನ ಮೇಲಿಟ್ಟು ತಾವು ನಿಂತೇ ಇದ್ದರು. ಒಮ್ಮೆ ರಿಂಗಾಯಿತು. ಓಡಿ ಬಂದು ತೆಗೆದು, ಗಂಭೀರ ಸ್ವರದಲ್ಲಿ, "ಇಲ್ಲ, ನಮಗೆ ಬೇಡ, ಸಾಕಾಗಿದೆ," ಎಂದರು. ಫೋನ್ ಮಾಡಿದ್ದು ಗ್ಯಾಸ್ ತಂದವನು. ನಮ್ಮ ಮನೆಯ ಸಿಲಿಂಡರು ವಾಪಸ್ ಹೋಯಿತು. ಆ ದಿನ ಹೆಂಡತಿ ನನಗೆ ಹೇಳಿದ್ದನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಮೂರನೇ ದಿನವೂ ಕರೆ ಬರಲಿಲ್ಲ. ಆ ದಿನವೇ ಧಣಿಗಳು ಕಾಕನನ್ನು ಒಳಗೆ ಕರೆದು, "ಕಾಕ, ಇನ್ನು ನೀವು ದಿನಾ ಬಸ್ಸಲ್ಲಿ ಬಂದು ಆಯಾಸ ಮಾಡ್ಕೊಳ್ಬೇಡಿ. ಈ ತಿಂಗಳಿಗೆ ಸಾಕು. ಮನೆಯಲ್ಲಿ ಆರಾಮ ಮಾಡಿ," ಎಂದರು. ಒಂದು ಶಾಲು, ಒಂದು ಕವರು ಕೊಟ್ಟರು. ಕಾಕ ಎರಡನ್ನೂ ತೆಗೆದುಕೊಂಡು ಬಂದು ಸ್ಟೂಲಿನಲ್ಲಿ ಕೂತರು.

"ನಿನ್ನ ಗಣಿತ ನಾನು ತೆಗೆದೆ ಮಾರಾಯ," ಎಂದರು. ಶಾಲಿನ ವಿಷಯ ಒಂದು ಮಾತೂ ಇಲ್ಲ.

"ಇಲ್ಲ ಕಾಕ, ಪುಸ್ತಕ ಉಂಟು. ಓದ್ತೇನೆ."

"ಪುಸ್ತಕ ಹೋದ ವರ್ಷವೂ ಇತ್ತಲ್ಲ."

ಅದು ನಿಜವಾಗಿತ್ತು. ಅವರು ಚಾ ಕುಡಿಯದೆ ಬಸ್ಸಿಗೆ ಹೋದರು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲಿನಲ್ಲಿ ಕೂತಿದ್ದರು. ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ನಮ್ಮ ಮೇಷ್ಟ್ರು. ಬೀಗ ಇಲ್ಲ.

"ನಾನು ಹತ್ತನೇ ಕ್ಲಾಸಿಗೆ ಸೇರಿದೆ," ಎಂದರು.

"ನೀವಾ?"

"ಇಳಿದ ಅಂಗಡಿಗೆ ನಿನ್ನ ಮುಖದಲ್ಲಿ ಹತ್ತುದು ಹೇಗೆ? ಅದಕ್ಕೆ ನನ್ನ ಮುಖದಲ್ಲಿ ಹತ್ತಿದೆ. ಹೊಸಬರಿಗೆ ಅರವತ್ತು ಪರ್ಸೆಂಟು ಕಡಿಮೆ, ತಿಂಗಳು ತಿಂಗಳು ಕಟ್ಟಿದ್ರೆ ಸಾಕು, ಗೊತ್ತುಂಟಾ? ಏಳೆಂಟು ತಿಂಗಳು ಇದ್ದ ನಿನಗೆ ಇಲ್ಲ, ನಿನ್ನೆ ಬಂದ ನನಗೆ ಉಂಟು. ಇದು ಎಂಥ ವ್ಯಾಪಾರ? ನಮ್ಮಲ್ಲಿ ಹಳೇ ಗಿರಾಕಿಗಲ್ವಾ ಕಡಿಮೆ ಮಾಡುದು?"

ಅರವತ್ತು ಪರ್ಸೆಂಟು ಸಿಕ್ಕಿಯೂ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಕೇಳದೆ ಸಿಕ್ಕಿದ ರಿಯಾಯಿತಿ ಅವರಿಗೆ ರುಚಿಸುತ್ತಿರಲಿಲ್ಲ.

ಪಾಠ ಅವರ ಫೋನಿನಲ್ಲಿ ಮಾತ್ರ ತೆರೆಯುತ್ತಿತ್ತು. ಆದ್ದರಿಂದ ಕೆಲಸ ಇಲ್ಲದ ಕಾಕ ಮತ್ತೆ ದಿನಾ ಸವಣೂರಿನಿಂದ ಬರತೊಡಗಿದರು. ಧಣಿಗಳು ಮೊದಲ ದಿನ ನೋಡಿ, "ಕಾಕ, ಶಾಲು ಕೊಟ್ಟ ಮೇಲೂ?" ಎಂದರು.

"ನಾನೀಗ ಕೆಲಸಕ್ಕೆ ಬಂದದ್ದಲ್ಲ ಧಣಿಗಳೇ. ಶಾಲೆಗೆ ಬಂದದ್ದು."

ಮಧ್ಯಾಹ್ನ ಗಿರಾಕಿಗಳು ಕಡಿಮೆ ಇರುವಾಗ ನನ್ನ ಮೆಷಿನಿನ ಮೇಲೆ ಫೋನಿಟ್ಟು ಇಬ್ಬರೂ ನೋಡುತ್ತಿದ್ದೆವು. ಸೇರಿದ ಎರಡನೇ ದಿನ ಅವರಿಗೆ ಕಂಪೆನಿಯ ಒಬ್ಬಳು ಹುಡುಗಿಯ ಫೋನ್ ಬಂತು. ಈಗ ಬಿಟ್ಟು ಹೋಗುವವರಿಗೆ ಮೆಷಿನು, ಹೊಸದಾಗಿ ಬಂದವರಿಗೆ ಮಾತ್ರ ಮನುಷ್ಯರು ಎಂದು ಆಗ ನಮಗೆ ತಿಳಿಯಿತು.

"ಸರ್, ನಮ್ಮ ಕುಟುಂಬಕ್ಕೆ ಸ್ವಾಗತ. ಪೋಷಕರು ಮಾತಾಡ್ತಿರೋದಾ?"

"ನನ್ನ ಪೋಷಕರು ತೀರಿ ಹೋಗಿ ಮೂವತ್ತು ವರ್ಷ ಆಯ್ತಮ್ಮ."

"ಅಯ್ಯೋ, ಸಾರಿ ಸರ್. ಮಗುವಿನ ವಯಸ್ಸು ಎಷ್ಟು ಸರ್?"

"ಅರವತ್ತೆಂಟು."

"ಸರ್?"

"ಮಗು ನಾನೇ. ನಾಲ್ಕನೇ ಕ್ಲಾಸಿಗೆ ಬಿಟ್ಟದ್ದು. ನಡುವೆ ಸ್ವಲ್ಪ ಕೆಲಸ ಇತ್ತು."

ಅವಳು ನಗಲು ಶುರು ಮಾಡಿ ನಿಲ್ಲಿಸಿದಳು. ಆಮೇಲೆ ನಿಜವಾಗಿಯೂ ಕೇಳಿದಳು, ಯಾವ ಪಾಠ ಕಷ್ಟ ಆಗುತ್ತದೆ ಎಂದು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. "ಸರ್, ಸಮಾಂತರ ಶ್ರೇಢಿ ಮುಗೀತಾ?" ಎಂದು ಕೇಳುತ್ತಿದ್ದಳು. ಕಾಕ ನನ್ನ ಕಡೆ ನೋಡುತ್ತಿದ್ದರು. ನಾನು ತಲೆ ಆಡಿಸಿದರೆ, "ಮುಗೀತು ಟೀಚರೇ," ಎನ್ನುತ್ತಿದ್ದರು.

ಮೊದಲು ಅವರು ಫೋನ್ ಹಿಡಿದುಕೊಳ್ಳಲಿಕ್ಕೆ ಮಾತ್ರ ಕೂರುತ್ತಿದ್ದುದು. ಒಂದು ದಿನ ಮೇಷ್ಟ್ರು ಒಂದು ಲೆಕ್ಕ ಕೊಟ್ಟರು. ನೂರಿಪ್ಪತ್ತು ರೂಪಾಯಿಗೆ ಒಬ್ಬ ಕೆಲವು ಕರವಸ್ತ್ರ ಕೊಂಡ. ಅದೇ ದುಡ್ಡಿಗೆ ಆರು ಹೆಚ್ಚು ಸಿಕ್ಕಿದ್ದರೆ ಒಂದೊಂದಕ್ಕೆ ಒಂದು ರೂಪಾಯಿ ಕಡಿಮೆ ಬೀಳುತ್ತಿತ್ತು. ಹಾಗಾದರೆ ಎಷ್ಟು ಕೊಂಡ? ನಾನು ಎಕ್ಸ್ ಹಾಕಿ, ವರ್ಗ ಸಮೀಕರಣ ಬರೆದು, ಬೆವರುತ್ತಿದ್ದೆ.

"ಇಪ್ಪತ್ನಾಲ್ಕು," ಎಂದರು ಕಾಕ.

ಅರ್ಧ ಪುಟ ಬರೆದ ಮೇಲೆ ನನಗೂ ಇಪ್ಪತ್ತನಾಲ್ಕೇ ಬಂತು.

"ಹೇಗೆ ಗೊತ್ತಾಯ್ತು ಕಾಕ?"

"ಐದರ ಕರ್ಚೀಫು ನಾಲ್ಕಕ್ಕೆ ಬಿಟ್ಟದ್ದು. ಎರಡು ಡಜನ್ ತಗೊಂಡವನಿಗೆ ಅರ್ಧ ಡಜನ್ ಫ್ರೀ. ನಾವು ಹಬ್ಬಕ್ಕೆ ಕೊಡ್ತಿರ್ಲಿಲ್ವಾ? ಇದಕ್ಕೆ ಎಕ್ಸ್ ಎಂತಕ್ಕೆ?" ಆಮೇಲೆ ಕಿಸೆಯಿಂದ ಓದುವ, ನಿಜವಾದ ಕನ್ನಡಕವನ್ನು ತೆಗೆದು ಹಾಕಿಕೊಂಡರು. "ಆದ್ರೂ ಆ ಎಕ್ಸ್ ಅಂದ್ರೆ ಎಂತ ಅಂತ ಒಮ್ಮೆ ಹೇಳು."

ಅಲ್ಲಿಂದ ಅವರೂ ಒಂದು ನೋಟ್‌ಬುಕ್ ತಂದರು. ನಾನು ಹಿಂದೆ ತಂದು ಕೇಳುವಾಗ, "ಇನ್ನೊಮ್ಮೆ ತಾ, ನನಗೂ ಹೋಗ್ಲಿಲ್ಲ," ಎನ್ನುತ್ತಿದ್ದರು. ಒಬ್ಬನೇ ಹದಿನೈದು ಸಲ ಕೇಳುವುದಕ್ಕೂ ಇಬ್ಬರು ಕೂಡಿ ಹದಿನೈದು ಸಲ ಕೇಳುವುದಕ್ಕೂ ಬಹಳ ವ್ಯತ್ಯಾಸ ಉಂಟು. ಒಬ್ಬನೇ ಆದರೆ ನಾಚಿಕೆಯಾಗುತ್ತದೆ.

ಪರೀಕ್ಷೆಯ ದಿನ ಕಾಕ ಕೇಂದ್ರದ ಗೇಟಿನವರೆಗೆ ಬಂದರು. ಒಳಗೆ ಹೋಗುವಾಗ ಹಿಂದಿನಿಂದ, "ಟೈಲರೇ, ಒಂದು ಮಾತು," ಎಂದರು. ತಿರುಗಿದೆ. "ಎಂತ ಇಲ್ಲ. ಹೋಗು." ಒಳಗೆ ಹೋಗಿ ಕೂತ ಮೇಲೂ ಪರೀಕ್ಷೆಯ ಹೆದರಿಕೆ ಬಿಟ್ಟು, ಅವರು ಕರೆದದ್ದು ಯಾಕೆ ಎಂದೇ ಯೋಚಿಸುತ್ತಿದ್ದೆ. ಚಪ್ಪಲಿಯನ್ನು ಸ್ಟೂಲಿನ ಅಡಿಗೆ ತಳ್ಳುವುದು ಯಾಕೆಂದು ನನಗೆ ಸರಿಯಾಗಿ ಅರ್ಥವಾದದ್ದು ಆಗ.

ನಲವತ್ತೊಂದು ಬಂತು. ಫೋನಿನಲ್ಲಿ ನೋಡಿದ್ದು ಹೆಂಡತಿ. ಮೂರು ಸಲ ನೋಡಿದಳು. ನಾನು ಅಂಗಡಿಯಲ್ಲಿಯೇ ಒಂದು ಹಳೇ ಅರ್ಜಿಯ ಪ್ರತಿ ಹುಡುಕಿ, ವಿದ್ಯಾಭ್ಯಾಸ ಎಂಬಲ್ಲಿ ಎಸ್ಸೆಸ್ಸೆಲ್ಸಿ ಎಂದು ಬರೆದೆ. ಕೊಡಲಿಕ್ಕೆ ಯಾರಿಗೂ ಇರಲಿಲ್ಲ. ಸುಮ್ಮನೆ ಬರೆದೆ.

ಕಾಕ ಎಲ್ಲರಿಗೂ ಚಾ ಹೇಳಿದರು. ಆಮೇಲೆ, "ಇನ್ನು ನಮಗೆ ಇದು ಬೇಡ ಅಲ್ವಾ? ತೆಗೆಯುವ," ಎಂದು ಫೋನ್ ಹಿಡಿದು ಎದ್ದರು. ಅದೂ ಸರಿಯೇ. ನನ್ನ ಪರೀಕ್ಷೆ ಮುಗಿದಿತ್ತು. ಅವರು ಚಪ್ಪಲಿ ಹಾಕಿಕೊಂಡರು, ಮೆಟ್ಟಿಲು ಇಳಿದರು. ಮೂರನ್ನು ಒತ್ತಿದರು, ಒಂದನ್ನು ಒತ್ತಿದರು. ಶುಭ ದಿನ ಎಂದಿತು. ಈ ಸಲ ಆಕಾಶ ನೋಡಲಿಲ್ಲ. ಮಾರ್ಗಕ್ಕೆ ಇಳಿದು, ಕೈ ಬೀಸಿ, ಬಸ್‌ಸ್ಟ್ಯಾಂಡಿನ ಕಡೆ ಹೋದರು. ನಾಳೆಯಿಂದ ಅವರಿಗೆ ಬರಲು ಕಾರಣವಿಲ್ಲ ಎಂದು ನನಗೆ ಹೊಳೆದದ್ದು ಅವರು ತಿರುವಿನಲ್ಲಿ ಮರೆಯಾದ ಮೇಲೆ. ಕರೆಯುವ ಹೊತ್ತು ಮೀರಿ ಹೋಗಿತ್ತು. ಮೂರನೇ ಮೆಟ್ಟಿಲಿನಲ್ಲಿ ನಾನೇ ಕರೆಯಬೇಕಿತ್ತು.

ಒಂದು ವಾರ ಸ್ಟೂಲು ಖಾಲಿ ಇತ್ತು.

ಎಂಟನೇ ದಿನ ನಾನು ಬರುವಾಗ ಕಾಕ ಅದರ ಮೇಲೆ ಕೂತಿದ್ದರು. ಮಡಿಲಲ್ಲಿ ನೋಟ್‌ಬುಕ್.

"ಎಂತ ಕಾಕ?"

"ಆ ಹುಡುಗಿ ಫೋನ್ ಮಾಡಿದ್ಲು. ಕಂಪೆನಿ ಹೇಳಿದ್ದಲ್ಲಂತೆ, ಅವಳಾಗಿಯೇ. ಪಟ್ಟಿಯಲ್ಲಿ ನಿಮ್ಮ ಹೆಸರು ಕಾಣ್ಲಿಲ್ಲ ಸರ್, ಹುಷಾರಿದ್ದೀರಾ ಅಂತ ಕೇಳಿದ್ಲು. ತ್ರಿಕೋನಮಿತಿ ಅರ್ಧದಲ್ಲಿ ಬಿಟ್ಟಿದ್ದೀರಿ, ಪರೀಕ್ಷೆ ಕಟ್ಟುದಿಲ್ವಾ ಅಂದ್ಲು."

"ನೀವೆಂತ ಹೇಳಿದ್ರಿ?"

"ಎಂತ ಹೇಳುದು? ಕರೆದ್ರೆ ತಿರುಗಬೇಕಲ್ಲ. ಸೇರಿದೆ. ಎಲ್ಲ ವಿಷಯಕ್ಕೂ."

ನನಗೆ ಸಂತೋಷ ತಡೆಯಲಾಗಲಿಲ್ಲ. ಅದನ್ನು ತೋರಿಸಲು ಗೊತ್ತಾಗದೆ, "ಎಷ್ಟು ಕಡಿಮೆ ಮಾಡಿದ್ಲು?" ಎಂದು ಕೇಳಿದೆ.

ಕಾಕ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಫೋನನ್ನು ನೋಡಿದರು.

"ಕೇಳ್ಲಿಕ್ಕೆ ಮರೆತೇ ಹೋಯ್ತು ಮಾರಾಯ," ಎಂದರು.

ಈಗಲೂ ಮಧ್ಯಾಹ್ನ ಪಾಠ ನಡೆಯುತ್ತದೆ. ನಾನು ಪ್ಯಾಂಟಿನ ಅಂಚು ಮಡಚುತ್ತಾ ಕೇಳುತ್ತೇನೆ, ಗೊತ್ತಿದ್ದಲ್ಲಿ ಹೇಳಿಕೊಡುತ್ತೇನೆ. ಇದನ್ನು ಬರೆಯುತ್ತಿರುವಾಗಲೂ ಅವರು ನನ್ನ ಪಕ್ಕದಲ್ಲಿಯೇ ಇದ್ದಾರೆ. ಒಳಗೆ ಯಾರೋ ಸ್ಟಿಕ್ಕರ್ ನೋಡಿ ಏನೋ ಗೊಣಗಿ ಹೊರಗೆ ಬಂದರು, ಮೆಟ್ಟಿಲು ಇಳಿದರು. ಕಾಕ ತಲೆ ಎತ್ತಲಿಲ್ಲ. ತ್ರಿಭುಜ ಬಿಡಿಸುತ್ತಿದ್ದಾರೆ. ಅವರ ಎರಡೂ ಚಪ್ಪಲಿ ಸ್ಟೂಲಿನ ಅಡಿಯಲ್ಲಿ, ಕಾಲಿಗೆ ಸುಲಭವಾಗಿ ಸಿಗದಷ್ಟು ಒಳಗೆ ಇವೆ. ತಳ್ಳಿದ್ದು ನಾನು.